ಗೇರು ಇಳಿಯುವಾಗಿನ ಕುಲುಕು

ಊರ ಕಡೆಯ ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದವರಿಗೆಲ್ಲ ಒಂದು ಸದ್ದು ನೆನಪಿರುತ್ತದೆ. ತಿರುವು ಹತ್ತಿರವಾದಂತೆ ಚಾಲಕ ಕ್ಲಚ್ಚನ್ನು ಒಮ್ಮೆ ತುಳಿದು ಬಿಡುತ್ತಾನೆ. ನಡುವೆ ಆಕ್ಸಿಲರೇಟರನ್ನು ಅರೆಕ್ಷಣ ಒತ್ತಿ ಎಂಜಿನ್ನನ್ನು ಗುರ್ರೆನಿಸುತ್ತಾನೆ. ಮತ್ತೊಮ್ಮೆ ಕ್ಲಚ್ ತುಳಿದು ಗೇರನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತಾನೆ. ತೂಕಡಿಸುತ್ತಿದ್ದವರು ಎಚ್ಚರಗೊಳ್ಳದ ಹಾಗೆ ಬಸ್ಸು ನಿಧಾನವಾಗುತ್ತದೆ. ಅದೇ ಕೆಲಸವನ್ನು ಕೈ ಪಳಗದ ಚಾಲಕ ಮಾಡಿದರೆ ನಮ್ಮ ಹಣೆ ಮುಂದಿನ ಸೀಟಿನ ಕಂಬಿಗೆ ತಾಗುತ್ತದೆ. ಬಸ್ಸೂ ಒಂದೇ, ಘಟ್ಟವೂ ಒಂದೇ. ವ್ಯತ್ಯಾಸವಿರುವುದು ಆ ಎಡಗಾಲು ಬಲಗಾಲುಗಳ ಹೊಂದಾಣಿಕೆಯಲ್ಲಿ ಮಾತ್ರ.

ಆ ಎರಡು ಕಾಲುಗಳ ವಿದ್ಯೆಯನ್ನು ಯಂತ್ರಕ್ಕೆ ಕಲಿಸಲು ಮನುಷ್ಯ ಪಟ್ಟ ಪಾಡಿನ ಕಥೆಯೇ ನಮ್ಮ ಈ ಲೇಖನದ ವಸ್ತು. ಈ ಕಥೆ ಬಹುಮಟ್ಟಿಗೆ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಪಿಕಪ್ ಟ್ರಕ್ ಎಂಬ ವಾಹನವಿದೆಯಲ್ಲ, ಮುಂದೆ ಕಾರಿನಂಥ ಕೋಣೆ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ, ಅದು ಆ ದೇಶದ ರೈತನಿಗೆ ಎತ್ತಿನ ಗಾಡಿಯೂ ಹೌದು, ಸವಾರಿಯ ಕುದುರೆಯೂ ಹೌದು. ಇಂದು ಅಲ್ಲಿನ ಬಹುತೇಕ ಪಿಕಪ್‌ಗಳಲ್ಲಿ ಕ್ಲಚ್ ಪೆಡಲೇ ಇಲ್ಲ. ಗೇರು ತಾನೇ ಏರುತ್ತದೆ, ತಾನೇ ಇಳಿಯುತ್ತದೆ. ಆದರೂ ಅದರ ಮಾಲೀಕರ ಬಾಯಲ್ಲಿ ಒಂದು ದೂರು ತಲೆಮಾರುಗಳಿಂದ ಉಳಿದುಕೊಂಡು ಬಂದಿದೆ. ವೇಗ ಏರುವಾಗ ಗಾಡಿ ಬೆಣ್ಣೆಯ ಹಾಗೆ ಹೋಗುತ್ತದೆ, ಸಮವೇಗದಲ್ಲೂ ತಕರಾರಿಲ್ಲ. ಸಿಗ್ನಲಿನ ಬಳಿ ನಿಧಾನಿಸುವಾಗ ಮಾತ್ರ ಹಿಂದಿನಿಂದ ಯಾರೋ ಗುದ್ದಿದ ಹಾಗಾಗುತ್ತದೆ, ಎಂಬುದೇ ಆ ದೂರು. ಏರುವಾಗ ಇಲ್ಲದ ಕುಲುಕು ಇಳಿಯುವಾಗಲೇ ಏಕೆ? ಮೊದಲು ಇದನ್ನು ತಿಳಿದುಕೊಂಡರೆ ಮುಂದಿನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಲೆಕ್ಕ ಸರಳವಾದದ್ದೇ. ಅಮೆರಿಕದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೋ ಹೈಡ್ರಾಮ್ಯಾಟಿಕ್ 400 ಎಂಬ ಗೇರುಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಮೂರು ಗೇರುಗಳು. ಹೊರಬರುವ ದಂಡ ಒಂದು ಸುತ್ತು ಸುತ್ತಬೇಕಾದರೆ ಒಳಬರುವ ದಂಡ ಮೊದಲನೆಯ ಗೇರಿನಲ್ಲಿ 2.48 ಸುತ್ತು, ಎರಡನೆಯದರಲ್ಲಿ 1.48 ಸುತ್ತು, ಮೂರನೆಯದರಲ್ಲಿ ಒಂದೇ ಸುತ್ತು ಸುತ್ತಬೇಕು. ಗಾಡಿ ಎರಡನೆಯ ಗೇರಿನಲ್ಲಿ ನಿಧಾನಿಸುತ್ತ ಬಂದು ಒಳದಂಡ ನಿಮಿಷಕ್ಕೆ 600 ಸುತ್ತಿಗೆ ಇಳಿದಿದೆ ಎಂದುಕೊಳ್ಳಿ. ಆಗ ಗೇರು ಒಂದಕ್ಕೆ ಬಿದ್ದರೆ, ಗಾಡಿಯ ವೇಗ ಅಷ್ಟೇ ಇದ್ದರೂ, ಅದೇ ದಂಡ ತಟ್ಟನೆ 1,005 ಸುತ್ತಿಗೆ ಏರಲೇಬೇಕು. ಏರಿಸುವವರು ಯಾರು? ಚಾಲಕನ ಕಾಲು ಆಕ್ಸಿಲರೇಟರಿನ ಮೇಲಿಲ್ಲ. ಎಂಜಿನ್ನಿಗೆ ಹೆಚ್ಚಿನ ಪೆಟ್ರೋಲು ಹರಿಯುತ್ತಿಲ್ಲ. ಉಳಿದಿರುವುದು ಗಾಡಿಯ ಓಟದ ಬಲವೊಂದೇ. ಚಕ್ರಗಳು ಹಿಂದಿನಿಂದ ತಳ್ಳಿ ಆ ದಂಡವನ್ನು ತಿರುಗಿಸುತ್ತವೆ. ಆ ಶ್ರಮಕ್ಕೆ ಗಾಡಿ ತನ್ನ ಓಟದಿಂದ ಬೆಲೆ ತೆರುತ್ತದೆ. ಬೆಲೆ ಕಂತಿನಲ್ಲಿ ಸಂದರೆ ನಮಗೆ ತಿಳಿಯುವುದಿಲ್ಲ. ಒಂದೇ ಬಾರಿಗೆ ಸಂದರೆ ಅದೇ ಕುಲುಕು. ಘಟ್ಟದ ಚಾಲಕ ನಡುವೆ ಎಂಜಿನ್ನನ್ನು ಗುರ್ರೆನಿಸಿದ್ದು ಈ ಬೆಲೆಯನ್ನು ಮುಂಗಡವಾಗಿ ಕೊಡುವುದಕ್ಕೇ. ವೇಗ ಏರುವಾಗ ಇಂಥ ಪೇಚು ಕಡಿಮೆ. ಆಗ ಎಂಜಿನ್ನಿನ ಸುತ್ತು ಇಳಿಯಬೇಕಾಗುತ್ತದೆ, ಇಳಿಯುವುದು ಅದಕ್ಕೆ ಸುಲಭ.

ಕಾಲಿನಿಂದ ಎಣ್ಣೆಗೆ

ಮೋಟಾರು ಗಾಡಿಯ ಬಾಲ್ಯದಲ್ಲಿ ಈ ವಿದ್ಯೆ ಸಂಪೂರ್ಣವಾಗಿ ಚಾಲಕನದೇ ಆಗಿತ್ತು. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಮತ್ತು ಲೆವಾಸೋರ್ ಕಂಪನಿಯ ಗಾಡಿಗಳು ಜಾರುವ ಗೇರುಗಳನ್ನು ಜನಪ್ರಿಯಗೊಳಿಸಿದವು. ತಿರುಗುತ್ತಿರುವ ಎರಡು ಹಲ್ಲುಗಾಲಿಗಳನ್ನು ನೇರವಾಗಿ ಒಂದರೊಳಗೊಂದು ನುಗ್ಗಿಸುವ ವಿಧಾನವದು. ಅದು ಒರಟೆಂಬುದನ್ನು ಎಮಿಲ್ ಲೆವಾಸೋರನೇ ಒಪ್ಪಿಕೊಂಡಿದ್ದನೆಂದೂ, ಒರಟಾದರೂ ಕೆಲಸ ನಡೆಯುತ್ತದೆಯಲ್ಲ ಎಂದು ಸಮಾಧಾನಪಟ್ಟುಕೊಂಡಿದ್ದನೆಂದೂ ಹೇಳುತ್ತಾರೆ. 1908ರಲ್ಲಿ ಬಂದ ಹೆನ್ರಿ ಫೋರ್ಡನ ಮಾಡೆಲ್ ಟಿ ಬೇರೆ ದಾರಿ ಹಿಡಿಯಿತು. ಅದರಲ್ಲಿದ್ದದ್ದು ಗ್ರಹಗೇರು. ನಡುವೆ ಸೂರ್ಯನಂತೆ ಒಂದು ಹಲ್ಲುಗಾಲಿ, ಅದರ ಸುತ್ತ ಗ್ರಹಗಳಂತೆ ಸುತ್ತುವ ಚಿಕ್ಕ ಗಾಲಿಗಳು. ಇಲ್ಲಿ ಹಲ್ಲುಗಳು ಎಂದೂ ಒಂದನ್ನೊಂದು ಬಿಟ್ಟಿರುವುದಿಲ್ಲ. ಯಾವ ಭಾಗವನ್ನು ಪಟ್ಟಿ ಬಿಗಿದು ನಿಲ್ಲಿಸುತ್ತೀರಿ, ಯಾವುದನ್ನು ತಿರುಗಲು ಬಿಡುತ್ತೀರಿ ಎಂಬುದರ ಮೇಲೆ ಗೇರು ಬದಲಾಗುತ್ತದೆ. ಪಟ್ಟಿ ಬಿಗಿಯುವ ಕೆಲಸವನ್ನು ಆಗ ಚಾಲಕನ ಕಾಲು ಮಾಡುತ್ತಿತ್ತು. ಆ ಕಾಲಿನ ಜಾಗದಲ್ಲಿ ಬೇರೊಂದು ಶಕ್ತಿಯನ್ನಿಟ್ಟರೆ ಗೇರು ತಾನೇ ಬದಲಾಗಬಲ್ಲದೆಂಬ ಸುಳಿವು ಅಲ್ಲಿಯೇ ಇತ್ತು.

ಅತ್ತ ಜರ್ಮನಿಯಲ್ಲಿ, ಮೋಟಾರಿಗೆ ಸಂಬಂಧವೇ ಇಲ್ಲದ ಹಡಗಿನ ಕಾರ್ಖಾನೆಯಲ್ಲಿ, ಇನ್ನೊಂದು ಬೀಜ ಮೊಳೆಯುತ್ತಿತ್ತು. ಸ್ಟೆಟ್ಟಿನ್ ಬಂದರಿನ ವುಲ್ಕಾನ್ ಕಾರ್ಖಾನೆಯ ಹರ್ಮನ್ ಫೊಟ್ಟಿಂಗರ್ ಎಂಬ ಎಂಜಿನಿಯರ್ ವೇಗವಾಗಿ ತಿರುಗುವ ಉಗಿ ಟರ್ಬೈನನ್ನು ನಿಧಾನವಾಗಿ ತಿರುಗಬೇಕಾದ ಹಡಗಿನ ಪಂಕಕ್ಕೆ ಜೋಡಿಸುವ ಉಪಾಯವನ್ನು ಹುಡುಕುತ್ತಿದ್ದ. 1905ರಲ್ಲಿ ಅವನು ಪೇಟೆಂಟ್ ಕೇಳಿದ್ದು ಎರಡು ದಂಡಗಳ ನಡುವೆ ದ್ರವವನ್ನಿಡುವ ಉಪಾಯಕ್ಕೆ. ಒಂದು ಗಾಲಿ ದ್ರವವನ್ನು ಚಿಮ್ಮುತ್ತದೆ, ಎದುರಿನ ಗಾಲಿ ಆ ಹೊಡೆತವನ್ನು ಎದುರುಗೊಂಡು ತಿರುಗುತ್ತದೆ. ಎರಡು ಬೀಸಣಿಗೆಗಳನ್ನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಇನ್ನೊಂದು ಮೆಲ್ಲಗೆ ತಿರುಗುವುದನ್ನು ನೋಡಿದವರಿಗೆ ಇದು ಹೊಸದೇನೂ ಅಲ್ಲ. ಲೋಹಕ್ಕೂ ಲೋಹಕ್ಕೂ ತಾಕಲಾಟವಿಲ್ಲದ ಕಾರಣ ಎಂಜಿನ್ ಓಡುತ್ತಿರುವಾಗಲೇ ಗಾಡಿ ನಿಂತಿರಬಹುದು. ಕ್ಲಚ್ ತುಳಿಯುವ ಅಗತ್ಯವಿಲ್ಲ.

ಗ್ರಹಗೇರು, ದ್ರವದ ಜೋಡಣೆ, ಪಟ್ಟಿ ಬಿಗಿಯಲು ಎಣ್ಣೆಯ ಒತ್ತಡ: ಈ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಒಗ್ಗೂಡಿಸಿ ದೊಡ್ಡ ಪ್ರಮಾಣದಲ್ಲಿ ಮಾರಿದ ಕೀರ್ತಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯದು. ಆ ತಂಡದ ಮುಂದಾಳು ಅರ್ಲ್ ಥಾಂಪ್ಸನ್. 1928ರ ಕ್ಯಾಡಿಲಾಕ್ ಕಾರುಗಳಿಗೆ ಸಿಂಕ್ರೋಮೆಶ್ ಎಂಬ ವ್ಯವಸ್ಥೆಯನ್ನು ತಂದುಕೊಟ್ಟವನೂ ಇವನೇ. ಹಲ್ಲುಗಾಲಿಗಳು ಕೂಡುವ ಮುನ್ನ ಅವುಗಳ ವೇಗವನ್ನು ಸರಿಹೊಂದಿಸುವ ಏರ್ಪಾಡು ಅದು. ಎರಡು ಬಾರಿ ಕ್ಲಚ್ ತುಳಿಯುವ ಕಷ್ಟವನ್ನು ಅದೇ ತಪ್ಪಿಸಿತು. ಅಲ್ಲಿಗೇ ತೃಪ್ತನಾಗದೆ ಅವನು ಕ್ಲಚ್ಚನ್ನೇ ತೊಡೆದುಹಾಕಲು ಹೊರಟ. 1939ರ ಕೊನೆಯಲ್ಲಿ, 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ, ಹೈಡ್ರಾಮ್ಯಾಟಿಕ್ ಹೊರಬಂತು. ಅದಕ್ಕೆ ತೆರಬೇಕಾಗಿದ್ದ ಹೆಚ್ಚಿನ ಬೆಲೆ 57 ಡಾಲರು. ಎರಡನೆಯ ಮಹಾಯುದ್ಧ ಬಂದಾಗ ಅದೇ ಪೆಟ್ಟಿಗೆ ಎಂ5 ಸ್ಟುವರ್ಟ್ ಎಂಬ ಹಗುರ ಟ್ಯಾಂಕಿನೊಳಗೂ ಸೇರಿತು. ಯುದ್ಧಭೂಮಿಯಲ್ಲಿ ಪಳಗಿಬಂದ ಯಂತ್ರವೆಂಬ ಹೆಸರು ಯುದ್ಧಾನಂತರದ ಮಾರಾಟಕ್ಕೆ ಒದಗಿಬಂತು.

ಪಲ್ಲಕ್ಕಿಯ ಹೆಗಲು

ಆದರೆ ಈ ಪೆಟ್ಟಿಗೆಗೆ ಒಂದು ಹುಟ್ಟುಗುಣವಿತ್ತು. ಅದರಲ್ಲಿ ಎರಡು ಗ್ರಹಗೇರುಗಳು ಒಂದರ ಹಿಂದೊಂದು ನಿಂತು ನಾಲ್ಕು ಗೇರುಗಳನ್ನು ಕೊಡುತ್ತಿದ್ದವು. ಅವುಗಳ ಪ್ರಮಾಣ ಕ್ರಮವಾಗಿ 3.82, 2.63, 1.45 ಮತ್ತು 1. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಮೆಟ್ಟಿಲು ಎಲ್ಲಕ್ಕಿಂತ ಎತ್ತರವಾದದ್ದೆಂಬುದನ್ನು ವಾಚಕರು ಗಮನಿಸಬೇಕು. ಅಷ್ಟು ಮಾತ್ರವಲ್ಲ, ಉಳಿದ ಮೆಟ್ಟಿಲುಗಳ ಪೈಕಿ ಮೊದಲನೆಯದರಲ್ಲೂ ಕೊನೆಯದರಲ್ಲೂ ಒಂದು ಗ್ರಹಗೇರು ಮಾತ್ರ ತನ್ನ ಸ್ಥಿತಿ ಬದಲಿಸಿದರೆ ಸಾಕು. ಈ ನಡುವಿನ ಮೆಟ್ಟಿಲಿನಲ್ಲಿ ಎರಡೂ ಒಮ್ಮೆಲೇ ಬದಲಿಸಬೇಕು. ಅದೂ ಒಂದಕ್ಕೊಂದು ತದ್ವಿರುದ್ಧವಾಗಿ. ಮುಂದಿನದು ಬಿಗಿದ ಪಟ್ಟಿಯನ್ನು ಬಿಟ್ಟು ಕ್ಲಚ್ಚನ್ನು ಹಿಡಿಯುವಾಗ ಹಿಂದಿನದು ಕ್ಲಚ್ಚನ್ನು ಬಿಟ್ಟು ಪಟ್ಟಿಯನ್ನು ಹಿಡಿಯಬೇಕು.

ರಥಬೀದಿಯಲ್ಲಿ ದೇವರ ಪಲ್ಲಕ್ಕಿ ಹೊರುವವರು ಹೆಗಲು ಬದಲಿಸುವುದನ್ನು ನೆನಪಿಸಿಕೊಳ್ಳಿ. ಹಳಬ ಹೆಗಲು ತೆಗೆಯುವ ಕ್ಷಣವೂ ಹೊಸಬ ಹೆಗಲು ಕೊಡುವ ಕ್ಷಣವೂ ಒಂದೇ ಆಗಿರಬೇಕು. ಹಳಬ ಬೇಗ ಬಿಟ್ಟರೆ ಪಲ್ಲಕ್ಕಿ ವಾಲುತ್ತದೆ. ಹೊಸಬ ಬೇಗ ಹಿಡಿದರೆ ಇಬ್ಬರೂ ಒಬ್ಬರನ್ನೊಬ್ಬರು ಎಳೆದಾಡಿ ನಡಿಗೆ ತಡವರಿಸುತ್ತದೆ. ಗೇರುಪೆಟ್ಟಿಗೆಯಲ್ಲಿ ಮೊದಲನೆಯ ತಪ್ಪಿಗೆ ಎಂಜಿನ್ ಬರಿದೇ ಅರಚುತ್ತದೆ. ಎರಡನೆಯ ತಪ್ಪಿಗೆ ಗಾಡಿ ಕುಲುಕುತ್ತದೆ. ಹೈಡ್ರಾಮ್ಯಾಟಿಕ್ಕಿನಲ್ಲಿ ಈ ಹೆಗಲು ಬದಲಾವಣೆಯನ್ನು ನಡೆಸುತ್ತಿದ್ದವು ಎಣ್ಣೆಯ ಕಿರುನಾಳಗಳು, ಸ್ಪ್ರಿಂಗುಗಳು ಮತ್ತು ಸರಿದಾಡುವ ಕವಾಟಗಳು. ಪಟ್ಟಿ ಸ್ವಲ್ಪ ಸವೆದರೂ, ಎಣ್ಣೆ ಕಾದು ತೆಳುವಾದರೂ, ಹೊಂದಾಣಿಕೆ ತಪ್ಪುತ್ತಿತ್ತು.

ಇದಕ್ಕೆ ಅದೇ ಸಂಸ್ಥೆಯ ಬ್ಯೂಕ್ ವಿಭಾಗ ಒಂದು ಸ್ವಾರಸ್ಯಕರ ಉತ್ತರ ಕೊಟ್ಟಿತು. ಗೇರು ಬದಲಾದರೆ ತಾನೇ ಕುಲುಕು? ಬದಲಿಸುವುದೇ ಬೇಡ! 1948ರಲ್ಲಿ ಬಂದ ಡೈನಾಫ್ಲೋದಲ್ಲಿ ಫೊಟ್ಟಿಂಗರನ ದ್ರವಯಂತ್ರದ ಇನ್ನೊಂದು ರೂಪವಾದ ಟಾರ್ಕ್ ಕನ್ವರ್ಟರ್ ಇತ್ತು. ಅದು ಎಂಜಿನ್ನಿನ ಸೆಳೆತವನ್ನು ತಾನೇ ಹಿಗ್ಗಿಸಿಕೊಡುತ್ತಿತ್ತು. ಮಾಮೂಲು ಓಟದಲ್ಲಿ ಗೇರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸವಾರಿ ರೇಷ್ಮೆಯಂತಿತ್ತು, ಆದರೆ ಗಾಡಿ ಸಾವಕಾಶವಾಗಿ ಹೊರಡುತ್ತಿತ್ತು, ಪೆಟ್ರೋಲು ಧಾರಾಳವಾಗಿ ಕುಡಿಯುತ್ತಿತ್ತು. ಹೀಗೆ ಒಂದೇ ಸಂಸ್ಥೆಯ ಎರಡು ಮನೆಗಳಲ್ಲಿ ಎರಡು ಸಿದ್ಧಾಂತಗಳು ಬೆಳೆದವು: ಒಂದಕ್ಕೆ ಚುರುಕು ಮುಖ್ಯ, ಇನ್ನೊಂದಕ್ಕೆ ಮೃದುತ್ವ ಮುಖ್ಯ. 1953ರ ಆಗಸ್ಟ್ 12ರಂದು ಮಿಶಿಗನ್ ಪ್ರಾಂತದ ಲಿವೋನಿಯಾದಲ್ಲಿದ್ದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ತಯಾರಿಕೆ ವಿಲೋ ರನ್ ಎಂಬಲ್ಲಿಗೆ ಸ್ಥಳಾಂತರಗೊಂಡು ಚೇತರಿಸಿಕೊಳ್ಳುವವರೆಗೆ ಹಲವು ಕ್ಯಾಡಿಲಾಕ್ ಮತ್ತು ಓಲ್ಡ್ಸ್‌ಮೊಬೀಲ್ ಕಾರುಗಳು ಬ್ಯೂಕಿನ ಡೈನಾಫ್ಲೋ ಹೊತ್ತು ಹೊರಬಂದವು. ಎರಡು ಸಿದ್ಧಾಂತಗಳನ್ನು ಒಂದೇ ಕಾರಿನಲ್ಲಿ ಹೋಲಿಸಿ ನೋಡುವ ಅವಕಾಶ ಹೀಗೆ ಅಕಸ್ಮಾತ್ತಾಗಿ ಒದಗಿತು.

ಈ ಹೊತ್ತಿಗಾಗಲೇ ಪಿಕಪ್ ಕೂಡ ಕಥೆಯೊಳಗೆ ಕಾಲಿಟ್ಟಿತ್ತು. 1953ರಲ್ಲಿ ಫೋರ್ಡ್ ಎಫ್-100ಕ್ಕೂ, 1954ರಲ್ಲಿ ಷೆವ್ರೊಲೆ ಪಿಕಪ್ಪಿಗೂ, ಹೆಚ್ಚಿನ ಹಣ ತೆತ್ತರೆ ತಾನೇ ಬದಲಾಗುವ ಗೇರು ದೊರೆಯತೊಡಗಿತು. ಷೆವ್ರೊಲೆಗೆ ಸಿಕ್ಕಿದ್ದು ಹೈಡ್ರಾಮ್ಯಾಟಿಕ್ಕೇ.

ನಿಧಾನಿಸುವಾಗಿನ ಕುಲುಕಿಗೆ ದೊಡ್ಡ ಪರಿಹಾರ ಬಂದದ್ದು ಒಂದು ಚಿಕ್ಕ ಬಿಡಿಭಾಗದಿಂದ. ಒಮ್ಮುಖ ಕ್ಲಚ್ ಎಂದು ಅದನ್ನು ಕರೆಯೋಣ. ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಇರುವುದೂ ಇದೇ ತತ್ವ: ತುಳಿದರೆ ಹಿಡಿಯುತ್ತದೆ, ಬಿಟ್ಟರೆ ಟಿಕಟಿಕ ಎನ್ನುತ್ತ ಚಕ್ರ ತನ್ನ ಪಾಡಿಗೆ ತಾನು ಓಡುತ್ತದೆ. 1956ರ ಪರಿಷ್ಕೃತ ಹೈಡ್ರಾಮ್ಯಾಟಿಕ್ಕಿನಲ್ಲಿ ಇಂಥ ಕ್ಲಚ್ಚುಗಳು ಬಂದವು. ಹೆಗಲು ಬದಲಿಸುವ ಒಂದು ಕೆಲಸವನ್ನು ಎಣ್ಣೆ ತುಂಬಿ ಬರಿದಾಗುವ ಎರಡನೆಯದೊಂದು ದ್ರವಜೋಡಣೆಗೂ ವಹಿಸಲಾಯಿತು. ಅದೇ 1956ರಲ್ಲಿ ಕ್ರೈಸ್ಲರ್ ಸಂಸ್ಥೆ ತಂದ ಟಾರ್ಕ್‌ಫ್ಲೈಟ್ ಮೂರು ಗೇರುಗಳ ಸರಳ ಪೆಟ್ಟಿಗೆ. ಅದರ ಮೊದಲನೆಯ ಗೇರು ಒಮ್ಮುಖ ಕ್ಲಚ್ಚನ್ನು ಆಧರಿಸಿತ್ತು. ಗಾಡಿ ನಿಧಾನಿಸಿ ಗೇರು ಒಂದಕ್ಕೆ ಇಳಿದರೂ ಚಕ್ರಗಳು ಎಂಜಿನ್ನನ್ನು ಎಳೆಯಲಾರವು; ಸೈಕಲ್ಲಿನಂತೆ ಬಿಡುವಾಗಿ ತಿರುಗುತ್ತವೆ. ನಾವು ಮೊದಲು ಹೇಳಿದ ಬೆಲೆಯನ್ನು ತೆರುವ ಪ್ರಸಂಗವೇ ಬರುವುದಿಲ್ಲ.

ಆದರೆ ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಚಕ್ರ ಎಂಜಿನ್ನನ್ನು ಎಳೆಯದಿದ್ದರೆ ಎಂಜಿನ್ನೂ ಚಕ್ರವನ್ನು ತಡೆಯದು. ಇಳಿಜಾರಿನಲ್ಲಿ ಭಾರ ಹೇರಿದ ಪಿಕಪ್ಪಿಗೆ ಆ ತಡೆಯೇ ಪ್ರಾಣರಕ್ಷಕ. ಆದ್ದರಿಂದ ಚಾಲಕ ಕೈಯಾರೆ ಕೆಳಗಿನ ಗೇರನ್ನು ಆರಿಸಿದಾಗ ಒಮ್ಮುಖ ಕ್ಲಚ್ಚಿನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವ ಪಟ್ಟಿಯೊಂದನ್ನು ಉಳಿಸಿಕೊಳ್ಳಬೇಕಾಯಿತು.

ದೂತರು ಸುಳ್ಳು ಹೇಳಿದಾಗ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯಾವಾಗ ಗೇರು ಬದಲಿಸಬೇಕು, ಪಟ್ಟಿಯನ್ನು ಎಷ್ಟು ಬಿಗಿಯಬೇಕು ಎಂಬುದು ಕಿವುಡೂ ಕುರುಡೂ ಆದ ಎಣ್ಣೆಗೆ ತಿಳಿಯುವುದು ಹೇಗೆ? ಅದಕ್ಕೆ ಇಬ್ಬರು ದೂತರಿದ್ದರು. ಒಬ್ಬನ ಹೆಸರು ಗವರ್ನರ್. ಹೊರದಂಡದ ಜೊತೆ ತಿರುಗುವ ತೂಕದ ಬಟ್ಟುಗಳು ವೇಗ ಹೆಚ್ಚಿದಂತೆ ಅಗಲಕ್ಕೆ ಸರಿದು ಎಣ್ಣೆಯ ಒತ್ತಡವನ್ನು ಏರಿಸುತ್ತಿದ್ದವು. ಗಾಡಿ ಎಷ್ಟು ವೇಗದಲ್ಲಿದೆ ಎಂಬ ಸುದ್ದಿ ಇವನದು. ಇನ್ನೊಬ್ಬ ದೂತ ಚಾಲಕನ ಕಾಲಿನ ಸುದ್ದಿ ತರುತ್ತಿದ್ದ. ಕೆಲವು ಗಾಡಿಗಳಲ್ಲಿ ಅದಕ್ಕಾಗಿ ಕಂಬಿ ಅಥವಾ ತಂತಿ ಇತ್ತು. 1960ರ ಮತ್ತು 70ರ ದಶಕದ ಅನೇಕ ಪೆಟ್ಟಿಗೆಗಳಲ್ಲಿ ಇದ್ದದ್ದು ಮಾಡ್ಯುಲೇಟರ್ ಎಂಬ ಪುಟ್ಟ ತಗಡಿನ ಡಬ್ಬಿ. ಅದನ್ನು ಎಂಜಿನ್ನಿನ ಗಾಳಿ ಸೆಳೆಯುವ ಕೊಳವೆಗೆ ಒಂದು ನಾಳ ಜೋಡಿಸುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಆ ಕೊಳವೆಯಲ್ಲಿ ಗಾಳಿಯ ಸೆಳೆತ ಬಲವಾಗುತ್ತದೆ. ಡಬ್ಬಿಯೊಳಗಿನ ಪೊರೆ ಸರಿದು ‘ಒಡೆಯ ಕಾಲು ತೆಗೆದಿದ್ದಾನೆ, ಒತ್ತಡ ಇಳಿಸು, ಮೆಲ್ಲಗೆ ಬಿಗಿ’ ಎಂದು ಪೆಟ್ಟಿಗೆಗೆ ತಿಳಿಸುತ್ತದೆ.

ಈಗ ಆ ನಾಳದ ತುದಿಯ ರಬ್ಬರು ಬಿಸಿಲಿಗೂ ಎಂಜಿನ್ನಿನ ಕಾವಿಗೂ ಒಣಗಿ ಸೀಳಿತೆನ್ನಿ. ಡಬ್ಬಿಗೆ ಸೆಳೆತ ತಲುಪುವುದಿಲ್ಲ. ಸೆಳೆತವಿಲ್ಲವೆಂದರೆ ಚಾಲಕ ಆಕ್ಸಿಲರೇಟರನ್ನು ಪೂರ್ತಿ ತುಳಿದಿದ್ದಾನೆಂದೇ ಅದರ ಅರ್ಥ. ಪೆಟ್ಟಿಗೆ ಪಾಪ, ಸ್ವಾಮಿಭಕ್ತಿಯಿಂದ ಒತ್ತಡವನ್ನು ಗರಿಷ್ಠಕ್ಕೇರಿಸುತ್ತದೆ. ಗಾಡಿ ಸಿಗ್ನಲಿನ ಬಳಿ ನಿಧಾನಿಸುವಾಗ ಗೇರು ಇಳಿಯಬೇಕಾದ ವೇಗಕ್ಕಿಂತ ಮೊದಲೇ, ಇರಬೇಕಾದ ಬಲಕ್ಕಿಂತ ಹೆಚ್ಚು ಬಲದಿಂದ, ದಢಕ್ಕನೆ ಬೀಳುತ್ತದೆ. ಪೆಟ್ಟಿಗೆಯಲ್ಲಿ ದೋಷವಿಲ್ಲ, ದೋಷ ದೂತನದು. ಡಬ್ಬಿಯೊಳಗಿನ ಪೊರೆಯೇ ಹರಿದಿದ್ದರೆ ಎಂಜಿನ್ ಗೇರುಪೆಟ್ಟಿಗೆಯ ಎಣ್ಣೆಯನ್ನೇ ಹೀರಿ ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಉಗುಳುತ್ತದೆ. ಇದನ್ನು ಬಲ್ಲ ಮೇಸ್ತ್ರಿ ಕೆಲವು ನಿಮಿಷಗಳಲ್ಲಿ ನಾಳ ಬದಲಿಸಿ ಕಳುಹಿಸುತ್ತಾನೆ. ಬಲ್ಲದವನು ಇಡೀ ಪೆಟ್ಟಿಗೆಯನ್ನು ಇಳಿಸಿ ಬಿಚ್ಚುತ್ತಾನೆ. ಒಂದು ತುಂಡು ರಬ್ಬರಿನ ಕೆಲಸಕ್ಕೂ ಪೂರ್ತಿ ಪೆಟ್ಟಿಗೆಯ ದುರಸ್ತಿಗೂ ನಡುವಿನ ಅಂತರ ಒಬ್ಬ ರೈತನ ಜೇಬಿಗೆ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ಪಿಕಪ್ಪಿನ ಮೈಕಟ್ಟೂ ಈ ಕುಲುಕನ್ನು ಹಿಗ್ಗಿಸುತ್ತದೆ. ಅದರ ಹಿಂಭಾಗದ ಪಟ್ಟೆ ಸ್ಪ್ರಿಂಗುಗಳನ್ನು ಭಾರಕ್ಕೆಂದು ಬಿರುಸಾಗಿ ಮಾಡಿರುತ್ತಾರೆ. ತೊಟ್ಟಿ ಖಾಲಿಯಿದ್ದಾಗ ಅವು ಯಾವ ಹೊಡೆತವನ್ನೂ ನುಂಗಿಕೊಳ್ಳುವುದಿಲ್ಲ. ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿನವರೆಗೆ ಹೋಗುವ ದಂಡ ಉದ್ದವಾದದ್ದು, ಎಷ್ಟೋ ಗಾಡಿಗಳಲ್ಲಿ ಎರಡು ತುಂಡಿನದು. ಅದರ ಕೀಲುಗಳೂ ಅಚ್ಚಿನ ಹಲ್ಲುಗಳೂ ಸವೆದಿದ್ದರೆ ನಡುವೆ ಸಡಿಲ ಉಂಟಾಗುತ್ತದೆ. ಗಾಡಿ ನಿಧಾನಿಸುವಾಗ ಮೊದಲು ಚಕ್ರ ಎಂಜಿನ್ನನ್ನು ತಳ್ಳುತ್ತಿರುತ್ತದೆ; ನಿಲ್ಲುವ ಹೊತ್ತಿಗೆ ಎಂಜಿನ್ ಚಕ್ರವನ್ನು ತಳ್ಳತೊಡಗುತ್ತದೆ. ಈ ಪಕ್ಷಾಂತರದ ಕ್ಷಣದಲ್ಲಿ ಎಲ್ಲ ಸಡಿಲವೂ ಒಮ್ಮೆಲೇ ಆ ಕಡೆಯಿಂದ ಈ ಕಡೆಗೆ ಬಡಿಯುತ್ತದೆ. ಅದೇ ಕ್ಷಣಕ್ಕೆ ಗೇರೂ ಇಳಿದರೆ ಸದ್ದು ಇಮ್ಮಡಿ. ಎಂಜಿನ್ನಿನ ಬಿಡುವಿನ ಓಟ ಅಗತ್ಯಕ್ಕಿಂತ ಹೆಚ್ಚಿದ್ದರಂತೂ ಮುಮ್ಮಡಿ. ಉದ್ದ ದಂಡದ ಜಾರುವ ಕೀಲಿಗೆ ಗ್ರೀಸು ಆರಿದ್ದರೆ ಇನ್ನೊಂದು ವಿಶೇಷ: ಗಾಡಿ ಪೂರ್ತಿ ನಿಂತ ಮೇಲೆ ಬುಡದಲ್ಲಿ ಧಡ್ ಎನ್ನುತ್ತದೆ. ಆದ್ದರಿಂದ ಬಡಿತ ಬಂದದ್ದು ನಿಲ್ಲುವ ಮೊದಲೋ ನಿಂತ ಮೇಲೋ ಎಂಬುದೇ ಅನುಭವಿ ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ.

ಎಣ್ಣೆಯಿಂದ ಗಣಕಕ್ಕೆ

1973ರ ತೈಲ ಬಿಕ್ಕಟ್ಟು ಈ ಕಥೆಯ ದಿಕ್ಕನ್ನು ಬದಲಿಸಿತು. 1975ರಲ್ಲಿ ಅಮೆರಿಕ ಇಂಧನ ಮಿತವ್ಯಯದ ಕಾನೂನು ಮಾಡಿತು. 1978ರ ಮಾದರಿಗಳಿಂದ ಅದು ಕಾರುಗಳಿಗೆ ಅನ್ವಯವಾಯಿತು. ದ್ರವದಲ್ಲಿ ಜಾರಿ ಪೋಲಾಗುವ ಶಕ್ತಿಯನ್ನು ಉಳಿಸಲೇಬೇಕಾಯಿತು. 1978ರಲ್ಲಿ ಕ್ರೈಸ್ಲರ್ ತನ್ನ ಪೆಟ್ಟಿಗೆಗಳಿಗೆ ಸಮವೇಗದ ಓಟದಲ್ಲಿ ದ್ರವಜೋಡಣೆಯನ್ನು ಬಿಗಿದು ಒಂದೇ ದಂಡವನ್ನಾಗಿಸುವ ಬೀಗ ಹಾಕಿತು, ಉಳಿದವರೂ ಹಿಂಬಾಲಿಸಿದರು. 1980ರ ದಶಕದ ಆರಂಭದಲ್ಲಿ ನಾಲ್ಕನೆಯದಾಗಿ ಎಂಜಿನ್ನಿನ ಸುತ್ತು ತಗ್ಗಿಸುವ ಗೇರು ಸೇರಿತು. ಉಳಿತಾಯವೇನೋ ಆಯಿತು. ಆದರೆ ಕುಲುಕನ್ನು ನುಂಗಿಕೊಳ್ಳುತ್ತಿದ್ದ ದ್ರವದ ದಿಂಬು ತೆಳುವಾಯಿತು. ನಿಧಾನಿಸುವಾಗ ಇಳಿಯಬೇಕಾದ ಮೆಟ್ಟಿಲುಗಳೂ ಹೆಚ್ಚಿದವು.

ಎಣ್ಣೆಯ ದೂತರಿಂದ ಇಷ್ಟೆಲ್ಲ ನಿಭಾಯಿಸಲಾಗದೆಂದು ಕಂಡಾಗ ಗಣಕಯಂತ್ರವನ್ನು ಕರೆತಂದರು. 1989ರ ಮಾದರಿಗಳಲ್ಲಿ ಕ್ರೈಸ್ಲರ್ ತಂದ ಅಲ್ಟ್ರಾಡ್ರೈವ್ ಈ ದಿಕ್ಕಿನ ದಿಟ್ಟ ಹೆಜ್ಜೆ. ಅದರಲ್ಲಿ ಪಟ್ಟಿಗಳಿಲ್ಲ, ಒಮ್ಮುಖ ಕ್ಲಚ್ಚುಗಳೂ ಇಲ್ಲ; ಒಂದು ಕ್ಲಚ್ ಬಿಡುವುದನ್ನೂ ಇನ್ನೊಂದು ಹಿಡಿಯುವುದನ್ನೂ ವಿದ್ಯುತ್ ಕವಾಟಗಳ ಮೂಲಕ ಗಣಕವೇ ನಡೆಸುತ್ತಿತ್ತು. ಪಲ್ಲಕ್ಕಿಯ ಹೆಗಲು ಬದಲಾವಣೆ ಮರಳಿ ಬಂತು. ಆದರೆ ಈ ಸಲ ಪ್ರತಿ ಬದಲಾವಣೆಯನ್ನೂ ನೋಡಿ ತನ್ನನ್ನು ತಿದ್ದಿಕೊಳ್ಳುವ ಯಜಮಾನನಿದ್ದ. ಮೊದಲ ವರ್ಷಗಳಲ್ಲಿ ಅದು ತೊಂದರೆಗಳಿಗೆ ಹೆಸರಾಯಿತು. ಅದಕ್ಕೆಂದೇ ಮಾಡಿದ ಎಣ್ಣೆಯ ಬದಲು ಬೇರೆ ಜಾತಿಯ ಎಣ್ಣೆ ಹಾಕಿದ್ದೂ ಅದಕ್ಕೆ ಒಂದು ಕಾರಣ. ಗಣಕ ಎಷ್ಟೇ ಜಾಣನಾದರೂ ಕೊನೆಗೆ ಹಿಡಿಯಬೇಕಾದದ್ದು ಎಣ್ಣೆಯಲ್ಲಿ ನೆಂದ ಬಿಲ್ಲೆಗಳೇ ತಾನೆ?

ತತ್ವ ಮಾತ್ರ ಗೆದ್ದಿತು. 2009ರ ಮಾದರಿಯ ಫೋರ್ಡ್ ಎಫ್-150 ಪಿಕಪ್ಪಿಗೆ ಆರು ಗೇರುಗಳು ಬಂದವು. 2013ರಲ್ಲಿ ರ‍್ಯಾಮ್ ಪಿಕಪ್ಪಿಗೆ ಎಂಟು. ಅದೇ ವರ್ಷ ಫೋರ್ಡ್ ಮತ್ತು ಜನರಲ್ ಮೋಟಾರ್ಸ್, ಹಳೆಯ ಪೈಪೋಟಿಯನ್ನು ಬದಿಗಿಟ್ಟು, ಹತ್ತು ಗೇರುಗಳ ಪೆಟ್ಟಿಗೆಯನ್ನು ಜೊತೆಯಾಗಿ ರೂಪಿಸಲು ಒಪ್ಪಿದವು. 2017ರ ಎಫ್-150ರಲ್ಲಿ ಅದು ರಸ್ತೆಗಿಳಿಯಿತು. ಹತ್ತನೆಯ ಗೇರಿನಲ್ಲಿ ಓಡುವ ಗಾಡಿ ನಿಲ್ಲುವುದರೊಳಗೆ ಒಂಬತ್ತು ಮೆಟ್ಟಿಲು ಇಳಿಯಬೇಕು. ಕೆಲವನ್ನು ಹಾರಿ ಇಳಿಯುವುದೂ ಉಂಟು. ಪ್ರತಿಯೊಂದು ಕ್ಲಚ್ಚಿಗೂ ಎಷ್ಟು ಎಣ್ಣೆ ತುಂಬಿದರೆ ಅದು ಹಿಡಿಯುತ್ತದೆಂಬುದನ್ನು ಗಣಕ ಓಟದಲ್ಲೇ ಕಲಿತು ನೆನಪಿಟ್ಟುಕೊಳ್ಳುತ್ತದೆ. ದುರಸ್ತಿಯ ವೇಳೆ ಆ ನೆನಪನ್ನು ಅಳಿಸಿದರೆ ಹೊಸ ಚಾಲಕನ ಹಾಗೆ ಮತ್ತೆ ಮೊದಲಿನಿಂದ ಕಲಿಯುತ್ತದೆ. ಅಷ್ಟು ದಿನ ಕುಲುಕು ತಪ್ಪದು.

ಇದೆಲ್ಲ ಕೇವಲ ಸವಾರಿಯ ಸುಖದ ಮಾತೆಂದು ವಾಚಕರು ಭಾವಿಸಬಾರದು. ಗಣಕದ ಕಾಲದಲ್ಲೂ ದೂತ ದೂತನೇ. ರಬ್ಬರು ನಾಳದ ಜಾಗದಲ್ಲಿ ಈಗ ವೇಗ ಅಳೆಯುವ ವಿದ್ಯುತ್ ಸಂವೇದಕವಿದೆ, ಅಷ್ಟೆ. 2011ರಿಂದ 2013ರವರೆಗಿನ ಎಫ್-150 ಪಿಕಪ್‌ಗಳಲ್ಲಿ ಹೊರದಂಡದ ವೇಗದ ಸಂಕೇತ ಕ್ಷಣಕಾಲ ಕಡಿದುಹೋದರೆ ಗಣಕವು ಗೇರನ್ನು ಒಂದಕ್ಕೆ ಇಳಿಸಿಬಿಡಬಹುದೆಂದು ಬೆಳಕಿಗೆ ಬಂತು. ಗಾಡಿ ಹೆದ್ದಾರಿಯ ವೇಗದಲ್ಲಿದ್ದರೂ ಸರಿಯೇ. ಸಂದೇಶ ಬಾರದಿದ್ದರೆ ಗಾಡಿ ನಿಂತಿದೆಯೆಂದು ಭಾವಿಸಿದ ಹಾಗೆ ಅದು ವರ್ತಿಸುತ್ತಿತ್ತು! 2019ರ ಫೆಬ್ರವರಿಯಲ್ಲಿ ಉತ್ತರ ಅಮೆರಿಕದಲ್ಲಿ ಸುಮಾರು 14.8 ಲಕ್ಷ ಗಾಡಿಗಳನ್ನು ಇದಕ್ಕಾಗಿ ಹಿಂದಕ್ಕೆ ಕರೆಸಿ ಗಣಕದ ಆದೇಶಗಳನ್ನು ಬದಲಿಸಲಾಯಿತು. 2024ರಲ್ಲಿ 2014ರ ಮಾದರಿಯ ಸುಮಾರು 5.5 ಲಕ್ಷ ಗಾಡಿಗಳ ಸರದಿ ಬಂತು. ಅದೇ 2024ರ ಕೊನೆಯಲ್ಲಿ ಜನರಲ್ ಮೋಟಾರ್ಸ್ 2020ರಿಂದ 2022ರವರೆಗಿನ ಸುಮಾರು 4.6 ಲಕ್ಷ ಡೀಸೆಲ್ ಪಿಕಪ್ ಮತ್ತು ಅದೇ ಅಡಿಗಟ್ಟಿನ ದೊಡ್ಡ ಗಾಡಿಗಳನ್ನು ಕರೆಸಿತು. ಅಲ್ಲಿ ಪೆಟ್ಟಿಗೆಯೊಳಗಿನ ಕವಾಟ ಸವೆದು ಒತ್ತಡ ತಪ್ಪುತ್ತಿತ್ತು. ಮೊದಮೊದಲು ಗೇರು ಒರಟಾಗಿ ಬದಲಾಗುವುದು, ಅಪರೂಪಕ್ಕೆ ಗೇರು ಇಳಿಯುವಾಗ ಹಿಂದಿನ ಚಕ್ರಗಳೇ ಒಮ್ಮೆಗೆ ಬಿಗಿದುಕೊಳ್ಳುವುದು. ಅಲ್ಲಿಯೂ ಪರಿಹಾರ ಗಣಕದ ಮೂಲಕವೇ: ಕವಾಟದ ಸವೆತವನ್ನು ಮುಂಚಿತವಾಗಿ ಗುರುತಿಸಿ, ಗೇರು ಐದರಾಚೆ ಏರದಂತೆ ತಡೆಯುವ ಹೊಸ ಆದೇಶ. ಕುಲುಕೆಂಬುದು ಕೆಲವೊಮ್ಮೆ ಬರಿಯ ಕಿರಿಕಿರಿ, ಕೆಲವೊಮ್ಮೆ ಮುನ್ಸೂಚನೆ. ಹಣೆ ಕಂಬಿಗೆ ತಾಗುವುದಕ್ಕೂ ಹೆದ್ದಾರಿಯಲ್ಲಿ ಚಕ್ರ ಬಿಗಿಯುವುದಕ್ಕೂ ಮೂಲ ಒಂದೇ ಆಗಿರಬಹುದೆಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿಯನ್ನೂ ಹೇಳಿ ಮುಗಿಸುತ್ತೇವೆ. 1999ರ ಮಾದರಿಯ ಷೆವ್ರೊಲೆ ಸಿಲ್ವರಾಡೋ ಪಿಕಪ್ಪಿನಲ್ಲಿ ಭಾರ ಎಳೆಯುವಾಗ ಒತ್ತಬೇಕಾದ ಗುಂಡಿಯೊಂದು ಬಂತು. ಇಂಥ ಗುಂಡಿ ಈಗ ಹಲವು ಪಿಕಪ್‌ಗಳಲ್ಲಿದೆ. ಅದನ್ನು ಒತ್ತಿದರೆ ಇಂದಿನ ಗಾಡಿಗಳಲ್ಲಿ ಚಾಲಕ ಬ್ರೇಕ್ ತುಳಿದೊಡನೆ ಗೇರು ಬೇಕೆಂದೇ ಬೇಗ ಇಳಿದು ಎಂಜಿನ್ ಗಾಡಿಯನ್ನು ತಡೆಯುತ್ತದೆ. ಬ್ರೇಕು ಕಾದು ಸೋಲದಂತೆ ಕಾಪಾಡುತ್ತದೆ. ಖಾಲಿ ತೊಟ್ಟಿಯೊಂದಿಗೆ ಅದನ್ನು ಒತ್ತಿ ಮರೆತವನಿಗೆ ಅದೂ ಒರಟಾದ ಕುಲುಕೇ. ಘಟ್ಟದ ಬಸ್ಸಿನ ಚಾಲಕ ತಿರುವಿಗೆ ಮುನ್ನ ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ? ನೂರಕ್ಕೂ ಹೆಚ್ಚು ವರ್ಷಗಳ ಶ್ರಮ ಸುತ್ತಿ ಬಳಸಿ ಮತ್ತೆ ಅವನ ಬಳಿಗೇ ಬಂದು ನಿಂತಿದೆ.

ಅವನಿಗೂ ಯಂತ್ರಕ್ಕೂ ಈಗಲೂ ಒಂದು ವ್ಯತ್ಯಾಸವಿದೆ. ಅವನು ಗೇರು ಇಳಿಸುವ ಮುನ್ನ ರಸ್ತೆಯನ್ನು ನೋಡುತ್ತಿದ್ದ, ಎಂಜಿನ್ನನ್ನು ಕೇಳುತ್ತಿದ್ದ, ಹಿಂದೆ ಎಷ್ಟು ಜನ ಕುಳಿತಿದ್ದಾರೆಂಬುದನ್ನು ಬೆನ್ನಿನಿಂದಲೇ ಅರಿಯುತ್ತಿದ್ದ. ಯಂತ್ರ ದೂತರ ಮಾತನ್ನು ಮಾತ್ರ ಬಲ್ಲದು. ಆದ್ದರಿಂದ ತಾನೇ ಗೇರು ಬದಲಿಸುವ ಗಾಡಿ ನಿಧಾನಿಸುವಾಗ ಕುಲುಕಿದರೆ, ಪೆಟ್ಟಿಗೆಯನ್ನು ಬೈಯುವ ಮೊದಲು ಅದಕ್ಕೆ ಸುದ್ದಿ ತಂದವರು ಯಾರು, ಅವರು ನಿಜ ಹೇಳಿದರೇ ಎಂದು ವಿಚಾರಿಸುವುದು ಲೇಸು. ಮನುಷ್ಯರ ವಿಷಯದಲ್ಲಾದರೂ ನಾವು ಪಾಲಿಸಬೇಕಾದ ನ್ಯಾಯ ಇದೇ ತಾನೆ.